ಕೋಪಗೃಹದ ಆ ಇರುಳು

ಪ್ರೀತಿಯನ್ನು ಕೆಡಿಸುವುದು ದ್ವೇಷವೊಂದೇ ಎಂದು ನಾವು ಬಹುಕಾಲ ನಂಬಿದ್ದೆವು. ಆ ನಂಬಿಕೆಯನ್ನು ತಿದ್ದಿದುದು ದೂರದರ್ಶನದ ಒಂದು ದೃಶ್ಯ.

1987ರ ಜನವರಿಯಿಂದ 1988ರ ಜುಲೈವರೆಗೆ ಪ್ರಸಾರವಾದ ರಮಾನಂದ ಸಾಗರರ ‘ರಾಮಾಯಣ’ ಧಾರಾವಾಹಿಯನ್ನು ಮರೆತ ಮನೆಗಳು ವಿರಳ. ಭಾನುವಾರ ಬೆಳಿಗ್ಗೆ ಓಣಿಯ ಜನರೆಲ್ಲ ಒಂದೇ ಟಿ.ವಿ.ಯ ಮುಂದೆ ನೆರೆಯುತ್ತಿದ್ದರು. ನಮಗೆ ಹಿಂದಿ ಅಷ್ಟಾಗಿ ತಿಳಿಯದು. ಆದರೆ ಕೋಪಗೃಹದ ದೃಶ್ಯಕ್ಕೆ ಭಾಷೆ ಬೇಕಾಗಲಿಲ್ಲ. ಪದ್ಮಾ ಖನ್ನಾ ಅವರ ಕೈಕೇಯಿ ಮುನಿದಿದ್ದಾಳೆ. ಸಂತೈಸಲು ಬಂದ ಬಾಲ್ ಧುರಿ ಅವರ ದಶರಥ ಕ್ಷಣಮಾತ್ರದಲ್ಲಿ ಯಾಚಕನಾಗುತ್ತಾನೆ. ಭರತನಿಗೆ ಪಟ್ಟ, ರಾಮನಿಗೆ 14 ವರ್ಷ ವನವಾಸ! ಒಲಿದವಳೆದುರಿಗೇ ಆ ವೃದ್ಧ ಅರಸ ಹತಾಶನಾಗಿ ಕುಸಿಯುತ್ತಾನೆ.

ಅಂದು ನಮ್ಮ ಕೋಪವೆಲ್ಲ ಕೈಕೇಯಿಯ ಮೇಲೆಯೇ ಇತ್ತು. 2020ರ ಲಾಕ್‌ಡೌನ್ ದಿನಗಳಲ್ಲಿ ಧಾರಾವಾಹಿಯು ಮರುಪ್ರಸಾರವಾದಾಗ ಆ ದೃಶ್ಯವನ್ನು ಮತ್ತೆ ಕಂಡು, ವಾಲ್ಮೀಕಿ ಮಹರ್ಷಿಗಳ ಅಯೋಧ್ಯಾಕಾಂಡವನ್ನು ತೆರೆದೆವು. ಅಲ್ಲಿ ಪಟ್ಟಾಭಿಷೇಕದ ಸುದ್ದಿ ತಂದ ಮಂಥರೆಗೆ ಕೈಕೇಯಿ ಮೊದಲು ಹರ್ಷದಿಂದ ಆಭರಣವನ್ನೇ ಕೊಡುತ್ತಾಳೆ. ರಾಮ-ಭರತರಲ್ಲಿ ಆಕೆಗೆ ಭೇದವಿರಲಿಲ್ಲ. ಅಂಥವಳನ್ನು ಕೆಡಿಸಿದುದು ದ್ವೇಷವಲ್ಲ, ತನ್ನ ಮಗನ ಗತಿಯೇನೆಂಬ ಭಯ.

ಆ ಭಯಕ್ಕೆ ಎಡೆಗೊಟ್ಟವರಾರು? ಭರತನು ಸೋದರಮಾವನ ಮನೆಯಲ್ಲಿ ಇರುವಾಗಲೇ ಪಟ್ಟ ಕಟ್ಟುವುದು ಲೇಸೆಂದು ದಶರಥ ಎಣಿಸಿದನು. ಸಭೆಗೂ ಪುರಜನರಿಗೂ ತಿಳಿದ ಸುದ್ದಿ ರಾಣಿಗೆ ದಾಸಿಯ ಬಾಯಿಂದ ತಿಳಿಯಿತು. ತಾನೇ ಹೇಳಬೇಕೆಂದು ಅರಸನು ಅಂತಃಪುರಕ್ಕೆ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಹಿಂದೊಮ್ಮೆ ರಣರಂಗದಲ್ಲಿ ತನ್ನ ಪ್ರಾಣವುಳಿಸಿದವಳಿಗೆ ಒಲಿದು ಕೊಟ್ಟ ವರಗಳೇ ಕಡೆಗೆ ಅವನ ಪ್ರಾಣಕ್ಕೆ ಎರವಾದವು.

ಹಿರಿಯರೊಬ್ಬರು ನಮ್ಮ ಬಳಿ ಕಣ್ಣೀರು ತಂದಿದ್ದರು. ಹಿರಿಯ ಮಗನ ಸಾಲ ತೀರಿಸಲು ಹೊಲ ಮಾರಿದ್ದರು; ಮನೆಯಾಕೆಗೆ ಹೇಳಿರಲಿಲ್ಲ. ನೆರೆಯವರಿಂದ ಅದನ್ನು ಕೇಳಿದ ಆ ತಾಯಿ, ‘ಕಿರಿಯವನಿಗೇನು ಉಳಿಯಿತು?’ ಎಂದು ಒಮ್ಮೆ ಕೇಳಿ, ಮಾತನ್ನೇ ನಿಲ್ಲಿಸಿದ್ದರಂತೆ. ‘ಅವಳಿಗೆ ನೋವಾಗಬಾರದೆಂದೇ ಮುಚ್ಚಿಟ್ಟೆ’ ಎಂದರು ಅವರು. ಹೊಲ ಹೋದುದಕ್ಕಿಂತ, ತನ್ನನ್ನು ಹೊರಗಿಟ್ಟುದೇ ಆಕೆಗೆ ಹೆಚ್ಚಿನ ನೋವಾಗಿತ್ತು.

ಕೈಕೇಯಿಯ ತಪ್ಪನ್ನು ನಾವು ಮನ್ನಿಸುತ್ತಿಲ್ಲ. ಆದರೆ ಮಂಥರೆಯನ್ನು ದೂಷಿಸುವ ಮುನ್ನ, ಅವಳು ಆಡಿದ ಸುದ್ದಿಯನ್ನು ಮೊದಲು ಯಾರು ಆಡಬೇಕಿತ್ತೆಂದು ವಿಚಾರಿಸಬೇಕು. ಆಸ್ತಿಯ ಪಾಲಿರಲಿ, ಮಕ್ಕಳ ಸಂಬಂಧವಿರಲಿ, ಮನೆಯವರಿಗೆ ತಿಳಿಯಬೇಕಾದುದನ್ನು ಓಣಿಗಿಂತ ಮೊದಲು ಮನೆಯಲ್ಲಿ ಹೇಳಿರಿ. ಆ ಹಿರಿಯರಿಗೂ ನಾವು ಇದನ್ನೇ ಹೇಳಿದೆವು: ‘ಮನೆಗೆ ಹೋಗಿ ಎಲ್ಲವನ್ನೂ ತಿಳಿಸಿರಿ, ಆಕೆ ಮಾತಾಡದಿದ್ದರೂ ನೀವು ಹೇಳಿರಿ.’