ನರಿಯ ಕಥೆ ಕೇಳಿದ ಹುಡುಗಿ

ಗ್ರಂಥಾಲಯ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದು ಶಾಲೆಗೆ ಗ್ರಂಥಪಾಲಕರಾಗಿ ಬಂದವರಿಗೆ ಪುಸ್ತಕಗಳ ಡ್ಯೂಯಿ ವರ್ಗೀಕರಣದಲ್ಲಿ ಜನಪದ ಕಥೆಗಳ ಸಂಖ್ಯೆ 398.2 ಎಂದು ಗೊತ್ತಿರುತ್ತದೆ. ಆದರೆ ಮೂರನೇ ತರಗತಿಯ ಹುಡುಗಿ, ‘ಮಿಸ್, ನರಿ ಕಥೆ ಕೊಡಿ, ಅಕ್ಷರ ದಪ್ಪಗಿರ್ಬೇಕು’ ಎಂದು ಬಂದು ನಿಂತಾಗ ಯಾವ ಪುಸ್ತಕ ಕೈಗಿಡಬೇಕು? ಅದಕ್ಕೆ ಮಕ್ಕಳ ಪುಸ್ತಕಗಳನ್ನು ತಾವೇ ಓದಿರಬೇಕು, ಕಥೆ ಹೇಳಿ ಅಭ್ಯಾಸವಿರಬೇಕು. ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳು ಓದುಗರನ್ನೇ ನಡುವೆ ನಿಲ್ಲಿಸಿದವು. ಅವನ್ನು ಪರೀಕ್ಷೆಗೆಂದು ಉರು ಹೊಡೆಸಿದರೆ ಸಾಲದು. ಗ್ರಂಥಪಾಲಕರನ್ನು ತಯಾರು ಮಾಡುವ ಕೋರ್ಸಿನ ಗುಣಮಟ್ಟವನ್ನು ಅಂಕಪಟ್ಟಿಯಲ್ಲಿ ಹುಡುಕಬೇಡಿ. ಪದವೀಧರರು ಕೆಲಸಕ್ಕೆ ಸೇರಿ ವರ್ಷವಾದ ಮೇಲೆ ಪಾಠ ಹೇಳಿದ ಮೇಷ್ಟ್ರೇ ಆ ಶಾಲೆಗೆ ಹೋಗಲಿ, ಪುಸ್ತಕ ಕೊಟ್ಟ ರಿಜಿಸ್ಟರ್ ಬಿಡಿಸಲಿ: ಯಾವ ಮಗು ಮತ್ತೆ ಮತ್ತೆ ಬಂದಿದೆ, ಯಾವ ಕಪಾಟಿನ ಬೀಗ ಇನ್ನೂ ತೆಗೆದಿಲ್ಲ ಎಂದು ನೋಡಲಿ.