ಹೊಳೆಬದಿಗೆ ಬರುವ ಗಾಲಿಮನೆ

ಮನೆಯನ್ನೇ ಗಾಲಿಯ ಮೇಲೇರಿಸಿಕೊಂಡು ಊರೂರು ಸುತ್ತುವ ಪ್ರವಾಸಕ್ಕೆ ಕೇರಳ ಸರಕಾರವು 2021ರಲ್ಲಿ ‘ಕೆರವಾನ್ ಕೇರಳ’ ಎಂಬ ಹೆಸರಿನಲ್ಲಿ ಒಂದು ನೀತಿಯನ್ನೇ ರೂಪಿಸಿತು. ಮಲಗಲು ಹಾಸಿಗೆ, ಅಡುಗೆಗೆ ಒಲೆ, ಸ್ನಾನಕ್ಕೆ ನೀರು, ಶೌಚಕ್ಕೆ ಕೋಣೆ ಎಲ್ಲವೂ ಇರುವ ವಾಹನವೇ ಕಾರವಾನ್. ಮೊದಲ 100 ವಾಹನಗಳಿಗೆ ಏಳೂವರೆ ಲಕ್ಷ ರೂಪಾಯಿ ಅಥವಾ ಬೆಲೆಯ ಶೇಕಡಾ 15, ಇವೆರಡರಲ್ಲಿ ಕಡಿಮೆಯಾದುದನ್ನು ಸಹಾಯಧನವಾಗಿ ಕೊಡುವುದೆಂದು ಸಾರಲಾಯಿತು. 2022ರ ಫೆಬ್ರವರಿಯಲ್ಲಿ ವಾಗಮಣ್‌ನಲ್ಲಿ ರಾಜ್ಯದ ಮೊದಲ ಕಾರವಾನ್ ತಂಗುದಾಣವೂ ತೆರೆಯಿತು.

ಈ ಪ್ರವಾಸಕ್ಕೆ ನಮ್ಮ ಕಾಸರಗೋಡಿನಷ್ಟು ಒಪ್ಪುವ ಊರು ಬೇರೆ ಬೇಕೆ? ಚಂದ್ರಗಿರಿ ಹೊಳೆಯ ಬದಿಯಲ್ಲಿ ಗಾಡಿ ನಿಲ್ಲಿಸಿದವನು ಒಂದು ವಾರ ಕಳೆದರೂ ನೋಡಿ ಮುಗಿಯದಷ್ಟು ಇಲ್ಲಿದೆ. ಹೊಳೆಯ ದಡದಲ್ಲೇ ಚಂದ್ರಗಿರಿ ಕೋಟೆ, ದಕ್ಷಿಣಕ್ಕೆ ಬೇಕಲ. ಮಧೂರು, ಅನಂತಪುರ, ತಳಂಗರೆಯ ಮಾಲಿಕ್ ದೀನಾರ್ ಮಸೀದಿ. ಪಾರ್ತಿಸುಬ್ಬನ ಕುಂಬಳೆ, ಗೋವಿಂದ ಪೈಗಳ ಮಂಜೇಶ್ವರ. ಒಂದೇ ದಿನದಲ್ಲಿ ಬೇಕಲದ ಕೋಟೆಯ ಮೇಲೆ ಭಾವಚಿತ್ರ ತೆಗೆದು ಹೊರಟುಹೋಗುವವರಿಗಿಂತ, ಏಳು ದಿನ ನಿಂತು, ನಮ್ಮ ಸಂತೆಯಲ್ಲಿ ಮೀನು ತರಕಾರಿ ಕೊಂಡು ತಾನೇ ಅಡುಗೆ ಮಾಡಿ ಉಣ್ಣುವ ಪ್ರವಾಸಿಯಿಂದ ಸಣ್ಣ ಪೇಟೆಗೆ ಆಗುವ ಲಾಭ ಹೆಚ್ಚು. ಆದುದರಿಂದ ಇಂಥವರು ಬರಲಿ ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ.

ಆದರೆ ಬಂದವರು ಏಳು ದಿನಗಳಲ್ಲಿ ಏನನ್ನು ಬಿಟ್ಟುಹೋಗುತ್ತಾರೆ ಎಂಬ ಪ್ರಶ್ನೆಯೂ ಇದೆ. ಇಂಥ ಅನೇಕ ಸಣ್ಣ ವಾಹನಗಳ ಶೌಚದ ಪೆಟ್ಟಿಗೆ ಹಿಡಿಯುವುದು ಸುಮಾರು 20 ಲೀಟರು. ಇಬ್ಬರೇ ಇದ್ದರೂ ಎರಡು ಮೂರು ದಿನಗಳಲ್ಲಿ ತುಂಬುತ್ತದೆ. ವಾರವೊಂದರಲ್ಲಿ ಎರಡು ಮೂರು ಬಾರಿಯಾದರೂ ಬರಿದು ಮಾಡಲೇಬೇಕು. ಪಾತ್ರೆ ತೊಳೆದ, ಮಿಂದ ನೀರು ಬೇರೆ. ತಂಗುದಾಣದಲ್ಲಿ ಇದಕ್ಕೆ ವ್ಯವಸ್ಥೆ ಇರಬಹುದು. ತಂಗುದಾಣ ಸಿಗದೆ, ಸೇತುವೆಯ ಕೆಳಗೋ ಹೊಳೆಯ ಮರಳಿನ ಬದಿಯಲ್ಲೋ ರಾತ್ರಿ ಕಳೆದವನು ಪೆಟ್ಟಿಗೆಯನ್ನು ಎಲ್ಲಿ ಬಗ್ಗಿಸಬೇಕು? ಉತ್ತರವನ್ನು ನಾವು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಆ ಹೊಳೆ ಬರಿಯ ನೋಟದ ಹೊಳೆಯಲ್ಲ. ಕೊಡಗಿನಲ್ಲಿ ಹುಟ್ಟಿ ಸುಳ್ಯದ ಮೂಲಕ ಬರುವ ಪಯಸ್ವಿನಿಯ ನೀರನ್ನೇ ಬಾವಿಕ್ಕರೆಯಲ್ಲಿ ಎತ್ತಿ ಕಾಸರಗೋಡು ಪೇಟೆಗೆ ಕುಡಿಯಲು ಕೊಡಲಾಗುತ್ತದೆ. ಬೇಸಿಗೆ ಬಂತೆಂದರೆ ಸಮುದ್ರದ ಉಪ್ಪುನೀರು ಅಲ್ಲಿಯವರೆಗೆ ಏರಿ, ನಳ್ಳಿಯಲ್ಲಿ ಉಪ್ಪು ಬರುತ್ತಿದ್ದ ವರ್ಷಗಳನ್ನು ಪೇಟೆಯವರು ಮರೆತಿರಲಾರರು. ಮರಳ ಚೀಲಗಳ ತಾತ್ಕಾಲಿಕ ಕಟ್ಟವನ್ನು ವರ್ಷ ವರ್ಷವೂ ಕಟ್ಟಿ, ಅದು ಒಡೆದು, ಮತ್ತೆ ಕಟ್ಟಿ ಸೋತ ಮೇಲೆಯೇ ಅಲ್ಲವೇ ಶಾಶ್ವತ ಕಟ್ಟ ಬಂದುದು? ಉಪ್ಪನ್ನು ತಡೆಯಲು ಇಷ್ಟು ಪಾಡುಪಟ್ಟವರು ಮೇಲಿನಿಂದ ಬರುವ ಹೊಲಸಿಗೆ ಬಾಗಿಲು ತೆರೆದಿಡುವುದು ಯಾವ ನ್ಯಾಯ?

ಆಲಪ್ಪುಳದ ಪಾಠ ಕಣ್ಣ ಮುಂದೆಯೇ ಇದೆ. ಅಲ್ಲಿ ಮೊದಲು ದೋಣಿಮನೆಗಳು ಬಂದುವು, ಹಣ ಬಂತು, ಹೆಸರೂ ಬಂತು. ವೇಂಬನಾಡು ಕಾಯಲಿನ ನೀರು ಕೆಟ್ಟ ಮೇಲೆ ಶುದ್ಧೀಕರಣದ ಮಾತು ಬಂತು. ನೀರಿನ ಮೇಲಿನ ಮನೆಗೆ ಆದ ತಪ್ಪು ಗಾಲಿಯ ಮೇಲಿನ ಮನೆಗೂ ಆಗಬೇಕೆ?

ಇನ್ನೊಂದು ಮಾತು. ಗಾಲಿಮನೆ ನಮಗೆ ಹೊಸತೇನೂ ಅಲ್ಲ. ವೃಶ್ಚಿಕ, ಧನು ಮಾಸಗಳಲ್ಲಿ ಕನ್ನಡನಾಡಿನಿಂದ ಶಬರಿಮಲೆಗೆ ಹೋಗುವ ಬಸ್ಸು ವ್ಯಾನುಗಳನ್ನು ನೋಡಿರಿ. ಅಕ್ಕಿ, ಪಾತ್ರೆ, ಒಲೆ ಎಲ್ಲವೂ ಅದರಲ್ಲೇ. ನೀರು ಕಂಡಲ್ಲಿ ನಿಲ್ಲಿಸಿ, ಮಿಂದು, ಬೇಯಿಸಿ, ಉಂಡು, ಮಲಗಿ ಮುಂದೆ ಹೋಗುತ್ತಾರೆ. ಇವರಿಗೆ ಸಹಾಯಧನವಿಲ್ಲ, ಜಾಹೀರಾತಿಲ್ಲ. ಲಕ್ಷಗಟ್ಟಲೆ ಬೆಲೆಯ ಕಾರವಾನಿಗೆ ಹೊಂಚಿಕೊಡುವ ನೀರು ಪಾಯಿಖಾನೆಗಳು ಈ ಬಡಯಾತ್ರಿಕರಿಗೂ ಒದಗಬೇಡವೇ?

ನಮ್ಮ ಸೂಚನೆ ದೊಡ್ಡದೇನೂ ಅಲ್ಲ. ಹೆದ್ದಾರಿಗೆ ಹತ್ತಿರ, ಹೊಳೆಯ ನೆರೆನೀರು ಏರದಷ್ಟು ಎತ್ತರದ ಒಂದು ಜಾಗವನ್ನು ಪಂಚಾಯತು ಗೊತ್ತುಮಾಡಲಿ. ಅಲ್ಲಿ ಒಂದು ನಳ್ಳಿ, ನಾಲ್ಕಾರು ಪಾಯಿಖಾನೆ, ಗಾಡಿಗಳ ಹೊಲಸು ನೀರನ್ನು ಸುರಿಯಲು ಸರಿಯಾಗಿ ಕಟ್ಟಿದ ಹೊಂಡ, ಅದನ್ನು ಕಾಲಕಾಲಕ್ಕೆ ತೆಗೆದು ಸಾಗಿಸುವ ಏರ್ಪಾಡು ಇರಲಿ. ಕಾರವಾನಿನವನಿಂದ ಶುಲ್ಕ ವಸೂಲು ಮಾಡಿರಿ, ಯಾತ್ರಿಕನಿಂದ ಬೇಡ. ನೋಡಿಕೊಳ್ಳುವ ಕೆಲಸ ಕುಟುಂಬಶ್ರೀಯ ಹೆಂಗಸರಿಗೆ ಸಿಕ್ಕಿದರೆ ನಾಲ್ಕು ಮನೆಯ ಒಲೆಯೂ ಉರಿದೀತು. ಇದಾದ ಮೇಲೆ ಹೊಳೆಬದಿಯಲ್ಲಿ ಸುರಿದವನಿಗೆ ದಂಡ ಹಾಕಿರಿ. ಜಾಗ ತೋರಿಸದೆ ದಂಡ ಹಾಕುವುದು ಮಾತ್ರ ಧರ್ಮವಲ್ಲ.

ಫಲಕದ ಮಾತನ್ನೂ ಹೇಳಿಬಿಡುತ್ತೇವೆ. ತಲಪಾಡಿಯಿಂದಲೂ ಜಾಲ್ಸೂರಿನಿಂದಲೂ ಒಳಗೆ ಬರುವವರಲ್ಲಿ ಬಹಳ ಮಂದಿ ಕನ್ನಡ ಬಲ್ಲವರು. ‘ಇಲ್ಲಿ ಆಳವಿದೆ, ಇಳಿಯಬೇಡಿ’ ಎಂಬುದನ್ನು ಮಲಯಾಳದಲ್ಲಿ ಮಾತ್ರ ಬರೆದರೆ, ಓದಲಾರದವನು ಇಳಿದೇ ಇಳಿಯುತ್ತಾನೆ. ಇದು ಭಾಷಾಭಿಮಾನದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಎರಡೂ ಭಾಷೆಗಳಲ್ಲಿ ಬರೆಯಿಸಲು ಬೇಕಾದ ಬಣ್ಣ ಎಷ್ಟು?

ನೆಂಟರು ಬರುವ ಮೊದಲು ಮನೆಯಂಗಳ ಗುಡಿಸುವುದು ನಮ್ಮ ಹಿರಿಯರ ಪದ್ಧತಿ. ಗಾಲಿಮನೆಯವರನ್ನು ಕರೆಯುವ ಮೊದಲು ಸಂಬಂಧಪಟ್ಟವರು ಹೊಳೆಬದಿಯ ಕಡೆಗೊಮ್ಮೆ ಕಣ್ಣು ಹಾಯಿಸಲಿ. ವಾರ ಕಳೆದು ಅವರು ಹೊರಟುಹೋಗುತ್ತಾರೆ. ಆ ನೀರನ್ನು ಕುಡಿಯಬೇಕಾದವರು ನಾವು.