ತೊದಲು ನುಡಿಯೂ ನಮ್ಮ ನಡೆಯೂ



ಬಸವೇಶ್ವರನಗರದ ಮನೆಯೊಂದರ ವಚನಗೋಷ್ಠಿಯಲ್ಲಿ ಪ್ರತಿವಾರ ವಚನ ಪಠಿಸುತ್ತಿದ್ದ ತರುಣಿಯೊಬ್ಬರು ಕೆಲವು ವಾರಗಳಿಂದ ಮೌನವಾಗಿದ್ದಾರೆ. ಕಿರಿದಾದ ಮೇಲ್ದವಡೆಯನ್ನು ಅಗಲಿಸಲು ವೈದ್ಯರು ಅವರ ಅಂಗುಳದಲ್ಲಿ ತಿರುಪುಳ್ಳ ಸಾಧನವನ್ನು ಕೂರಿಸಿದ್ದಾರೆ. ಒಂದು ಸಲ ತಿರುಗಿಸಿದರೆ ಅದು ಸುಮಾರು 0.25 ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಮುಂದೆ ದವಡೆಯ ಶಸ್ತ್ರಚಿಕಿತ್ಸೆಯೂ ಇದೆ. "ಉಚ್ಚಾರಣೆ ತಪ್ಪಿದರೆ ವಚನಕ್ಕೆ ಅಪಚಾರವಾಗದೇ?" ಎಂಬುದು ಅವರ ಅಳುಕು.

ತೊಡಕಿನ ಕಾರಣವನ್ನು ನಮ್ಮ ವರ್ಣಮಾಲೆಯೇ ತಿಳಿಸುತ್ತದೆ. ಚ, ಜ, ಶ ತಾಲವ್ಯಗಳು. ಟ, ಡ, ಣ, ಳ ಮೂರ್ಧನ್ಯಗಳು. ಇವನ್ನು ನುಡಿಯಲು ನಾಲಗೆಯು ಅಂಗುಳವನ್ನು ಮುಟ್ಟಬೇಕು, ಇಲ್ಲವೆ ಸಮೀಪಿಸಬೇಕು. ಅಲ್ಲಿ ಲೋಹವಿದ್ದಾಗ ನಾಲಗೆ ಹೊಸ ದಾರಿ ಕಲಿಯಬೇಕಾಗುತ್ತದೆ. ಶಸ್ತ್ರಚಿಕಿತ್ಸೆಯ ಬಳಿಕ ತುಟಿ ಜೋಮು ಹಿಡಿದು ಪ, ಬ, ಮಗಳೂ ಮಸುಕಾಗಬಹುದು. ಸಾಮಾನ್ಯವಾಗಿ ಕಾಲಕ್ರಮದಲ್ಲಿ, ಅಭ್ಯಾಸದಿಂದ, ಮಾತು ತಿಳಿಯಾಗುತ್ತದೆ.

ನುಡಿ ಹೇಗಿರಬೇಕೆಂದು ಹೇಳುವ ಬಸವಣ್ಣನವರ ಪ್ರಸಿದ್ಧ ವಚನವು ಕೊನೆಗೆ ನಿಲ್ಲುವುದು ನಡೆಯ ಪ್ರಶ್ನೆಯಲ್ಲಿ. ನುಡಿದಂತೆ ನಡೆಯುವವರ ತೊದಲು ದೋಷವಲ್ಲ. ನಡೆಯದವರ ಸ್ಪಷ್ಟೋಚ್ಚಾರವೇ ದೋಷ. ಇಷ್ಟಲಿಂಗವಿರುವುದು ಕರಸ್ಥಲದಲ್ಲಿ. ದವಡೆಯನ್ನು ಬಿಗಿದಿರುವ ದಿನಗಳಲ್ಲಿಯೂ ದೃಷ್ಟಿಯಿಂದ ಪೂಜೆ ಸಾಗುತ್ತದೆ.

ಆ ಸಹೋದರಿಗೆ ನನ್ನ ಬಿನ್ನಹವಿಷ್ಟೇ: ವೈದ್ಯರು ಅನುಮತಿಸಿದಾಗ ದಿನಕ್ಕೊಂದು ವಚನವನ್ನು ನಿಧಾನವಾಗಿ, ಗಟ್ಟಿಯಾಗಿ ಓದಿರಿ, ಗೋಷ್ಠಿಗೆ ಬನ್ನಿರಿ. ಕೇಳುಗರಾದ ನಾವು ನಗದೆ, ಅವರ ಮಾತನ್ನು ನಡುವೆ ಪೂರೈಸದೆ ಕಾಯೋಣ. ಇಲ್ಲಿ ಪರೀಕ್ಷೆಗೊಳಗಾಗಿರುವುದು ನಮ್ಮ ನಡೆ.